ಪಾರ್ಕಿನ ಒಂದು ದಾರಿಯಾದರೂ ಸದ್ದಿಲ್ಲದೆ ಇರಲಿ

ಮಾನ್ಯ ಸಂಪಾದಕರೇ,

ಧ್ಯಾನದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ಬಿಡದೆ ಓದುತ್ತೇನೆ. ಹೆಚ್ಚಿನವು ಹೇಳುವುದು ಒಂದೇ: ಟೆನ್ಷನ್ ಕಡಿಮೆಯಾಗುತ್ತದೆ, ಒಳ್ಳೆ ನಿದ್ದೆ ಬರುತ್ತದೆ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಬುದ್ಧ ಕಲಿಸಿದ ಧ್ಯಾನದಲ್ಲಿ ತೂಕಡಿಕೆಯೇ ಒಂದು ಅಡ್ಡಿ. ಆಸೆ, ದ್ವೇಷ, ಚಡಪಡಿಕೆ, ಅನುಮಾನಗಳ ಜೊತೆ ಅದನ್ನೂ ಸೇರಿಸಿ ಐದು ನೀವರಣಗಳು ಅನ್ನುತ್ತಾರೆ. ಮನಸ್ಸು ತಿಳಿಯಾಗಬೇಕು, ಬೆಳಗಬೇಕು ಅಂತ ಕೂರುವುದು. ಮಂಪರು ಬರಲಿ ಅಂತ ಅಲ್ಲ.

ನಾನು ಆಸ್ಪತ್ರೆಯೊಂದರ ಲ್ಯಾಬ್ ಟೆಕ್ನಿಷಿಯನ್. ರಾತ್ರಿ ಡ್ಯೂಟಿ ಜಾಸ್ತಿ. ಹಾಗಾಗಿ ತೂಕಡಿಕೆ ನನಗೆ ಪುಸ್ತಕದ ವಿಷಯವಲ್ಲ. ಬೆಳಗಿನ ಜಾವ ಮೂರರ ಹೊತ್ತಿಗೆ ಮೈಕ್ರೋಸ್ಕೋಪಿನಲ್ಲಿ ರಕ್ತದ ಸ್ಲೈಡ್ ನೋಡುತ್ತಾ ನೂರು ಬಿಳಿ ರಕ್ತಕಣಗಳನ್ನು ಎಣಿಸಬೇಕು. ಒಂದೊಂದೂ ಯಾವ ಜಾತಿಯದು, ನೇರಳೆ ಬಣ್ಣದ ನ್ಯೂಕ್ಲಿಯಸ್ ಎಷ್ಟು ಹೋಳಾಗಿದೆ ಅಂತ ಗುರುತಿಸಬೇಕು. ಕಣ್ಣು ತೆರೆದೇ ಇರುತ್ತದೆ. ಮನಸ್ಸಿಗೆ ಮಂಕು ಕವಿದಿರುತ್ತದೆ. ಆಗ ಸ್ಲೈಡ್ ಬಿಟ್ಟು ಎದ್ದು ಕಾರಿಡಾರಿನಲ್ಲಿ ನಿಧಾನವಾಗಿ ನಡೆಯುತ್ತೇನೆ. ಹಿಮ್ಮಡಿ ಎದ್ದಿತು, ಪಾದ ಮುಂದೆ ಹೋಯಿತು, ಮೈಭಾರ ಈ ಕಾಲಿಗೆ ಬಂತು. ಗಮನಿಸುವುದು ಅಷ್ಟನ್ನೇ. ವಾಪಸ್ ಬಂದು ಕೂತಾಗ ಕೆಲಸದಲ್ಲಿ ಮನಸ್ಸು ನಿಲ್ಲುತ್ತದೆ.

ಇದು ಹೊಸ ಉಪಾಯವೇನಲ್ಲ. ಬುದ್ಧನ ಉಪದೇಶಗಳ ಹಳೆಯ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಒಂದು ಪ್ರಸಂಗ ಬರುತ್ತದೆ. ಮಗಧದ ಹಳ್ಳಿಯೊಂದರಲ್ಲಿ ಧ್ಯಾನಕ್ಕೆ ಕೂತ ಮೊಗ್ಗಲ್ಲಾನ ತೂಕಡಿಸುತ್ತಿದ್ದ. ಬುದ್ಧನ ಇಬ್ಬರು ಮುಖ್ಯ ಶಿಷ್ಯರಲ್ಲಿ ಒಬ್ಬನಿಗೇ ಈ ಪಾಡು! ಬುದ್ಧ ಗದರಿಸಲಿಲ್ಲ, ದಾರಿ ಹೇಳಿಕೊಟ್ಟ. ಯಾವ ಯೋಚನೆಯಲ್ಲಿದ್ದಾಗ ಜೊಂಪು ಹತ್ತಿತೋ ಅದನ್ನು ಬಿಡು. ಕೇಳಿದ ಧರ್ಮವನ್ನು ನೆನೆ, ಬಾಯಿಬಿಟ್ಟು ಹೇಳು. ಕಿವಿ ಎಳೆದುಕೋ, ಕೈಕಾಲು ಉಜ್ಜಿಕೋ. ಎದ್ದು ಕಣ್ಣಿಗೆ ನೀರು ಹಾಕಿಕೊಂಡು ನಕ್ಷತ್ರ ನೋಡು. ಬೆಳಕನ್ನು ಮನಸ್ಸಿಗೆ ತಂದುಕೋ, ಹಗಲು ಹೇಗೋ ರಾತ್ರಿಯೂ ಹಾಗೇ. ಅದಕ್ಕೂ ಆಗದಿದ್ದರೆ ಅತ್ತಿಂದಿತ್ತ ನಡೆ. ಏನೂ ಆಗದಿದ್ದರೆ ಬಲಮಗ್ಗುಲಿಗೆ ಮಲಗು, ಏಳುವ ಹೊತ್ತನ್ನು ಮನಸ್ಸಿನಲ್ಲಿಟ್ಟುಕೋ. ಎಷ್ಟು ಕರುಣೆಯ ಮಾತು ಅಲ್ವಾ? ಅದೇ ನಿಕಾಯದ ಇನ್ನೊಂದು ಕಡೆ, ನಡೆಯುತ್ತಾ ಕೂಡಿಸಿದ ಏಕಾಗ್ರತೆ ಬಹುಕಾಲ ಉಳಿಯುತ್ತದೆ ಎಂದೂ ಇದೆ.

ಕಲಿಯುವವರಿಗೆ ಬೆಂಗಳೂರಿನಲ್ಲಿ ಜಾಗಗಳಿವೆ. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಶುರುಮಾಡಿದ ಮಹಾಬೋಧಿ ಸೊಸೈಟಿ ಗಾಂಧಿನಗರದಲ್ಲಿದೆ, ಮೆಜೆಸ್ಟಿಕ್‌ನಿಂದ ನಡೆದೇ ಹೋಗಬಹುದು. ತುಮಕೂರು ರಸ್ತೆ ಕಡೆ ಆಲೂರಿನ ಧಮ್ಮ ಪಫುಲ್ಲ ಕೇಂದ್ರದಲ್ಲಿ 10 ದಿನಗಳ ವಿಪಶ್ಯನ ಧ್ಯಾನ ಶಿಬಿರಕ್ಕೆ ಶುಲ್ಕವೇ ಇಲ್ಲ. ಆದರೆ ಪಾಳಿಯ ಮೇಲೆ ದುಡಿಯುವ ನರ್ಸು, ಡ್ರೈವರು, ಸೆಕ್ಯುರಿಟಿ ಗಾರ್ಡುಗಳಿಗೆ ಹತ್ತು ದಿನ ರಜೆ ಎಲ್ಲಿ ಸಿಗಬೇಕು? ಅವರಿಗೆ ದಿನಾ ಹತ್ತಿರದಲ್ಲಿ ಸಿಗುವುದು ಬಡಾವಣೆಯ ಪಾರ್ಕು.

ನಮ್ಮ ಪಾರ್ಕಿನಲ್ಲಿ ಕಂಬ ಕಂಬಕ್ಕೂ ಸ್ಪೀಕರ್. ಬೆಳಿಗ್ಗೆ ಗೇಟು ತೆರೆದ ಕೂಡಲೇ ಹಾಡು ಶುರು, ನಡುನಡುವೆ ಪ್ರಕಟಣೆ. ಹಾಡು ಬೇಕೆನ್ನುವವರೂ ಇದ್ದಾರೆ. ಅವರಿಗೂ ಇರಲಿ. ಆದರೆ ಪ್ರತಿ ಪಾರ್ಕಿನಲ್ಲೂ ಒಂದು ಬದಿಯ ದಾರಿಯನ್ನು ಬೆಳಿಗ್ಗೆ ಎಂಟರವರೆಗೆ ಸದ್ದಿಲ್ಲದೆ ಬಿಡಬಹುದು. ಮೂವತ್ತು ಹೆಜ್ಜೆ ಉದ್ದವಿದ್ದರೂ ಸಾಕು, ಹೋಗಿ ತಿರುಗಿ ಬರುತ್ತೇವೆ. ಮಂಟಪ, ಬೋರ್ಡು, ಉದ್ಘಾಟನೆ ಏನೂ ಬೇಡ. ಆ ಬದಿಯ ಸ್ಪೀಕರ್ ವೈರು ತೆಗೆದರೆ ಆಯಿತು. ಕಾವಲುಗಾರರನ್ನು ಕೇಳಿದರೆ ಮೇಲಿನವರು ಹೇಳಬೇಕು ಅನ್ನುತ್ತಾರೆ. ನಿಮ್ಮ ಪತ್ರಿಕೆಯಲ್ಲಿ ಬಂದರೆ ಮೇಲಿನವರು ಓದುತ್ತಾರೆ, ದಯವಿಟ್ಟು ಪ್ರಕಟಿಸಿ.

— ರಾತ್ರಿ ಪಾಳಿಯ ಓದುಗಿ, ರಾಜಾಜಿನಗರ, ಬೆಂಗಳೂರು