ಮಾರಿದ ಕ್ಯಾಮೆರಾದ ಚಿತ್ರ ಬಳಸಿ ನಡೆಯುತ್ತಿರುವ ವಂಚನೆ: ಜಾಲತಾಣಕ್ಕೆ ಒಂದು ದೂರು ಪತ್ರ

ಇವರಿಗೆ,
ದೂರು ಪರಿಹಾರ ಅಧಿಕಾರಿಗಳು,
ಹಳೆಯ ವಸ್ತುಗಳ ಜಾಹೀರಾತು ವಿಭಾಗ

ವಿಷಯ: ನಾನು ಮಾರಿ ಮುಗಿಸಿದ ಕ್ಯಾಮೆರಾದ ಚಿತ್ರ ಮತ್ತು ಬಿಲ್ ಬಳಸಿ ನಿಮ್ಮ ಜಾಲತಾಣದಲ್ಲಿ ಪ್ರಕಟವಾಗುತ್ತಿರುವ ಸುಳ್ಳು ಜಾಹೀರಾತುಗಳು.

ಮಾನ್ಯರೇ,

ನಾನು ಶಿವಮೊಗ್ಗದಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತಿದ್ದೇನೆ. ಮದುವೆ, ಉಪನಯನ, ನಾಮಕರಣಗಳ ಚಿತ್ರ ತೆಗೆಯುವುದು ನನ್ನ ಕಸುಬು. ಕಳೆದ ಆಷಾಢದಲ್ಲಿ, ಮುಹೂರ್ತಗಳಿಲ್ಲದ ಬಿಡುವಿನಲ್ಲಿ, ನನ್ನ ನಿಕಾನ್ ಡಿ750 ಕ್ಯಾಮೆರಾ ಮತ್ತು 24-120 ಲೆನ್ಸ್ ಮಾರಲು ನಿಮ್ಮಲ್ಲಿ ಜಾಹೀರಾತು ಹಾಕಿದೆ. ಬಿಲ್ ಮತ್ತು ಪೆಟ್ಟಿಗೆಯ ಚಿತ್ರ ಸೇರಿಸಿದರೆ ಕೊಳ್ಳುವವರಿಗೆ ನಂಬಿಕೆ ಬರುತ್ತದೆ ಎಂದು ನಿಮ್ಮ ಪುಟವೇ ಸಲಹೆ ಕೊಟ್ಟಿತ್ತು, ಅದರಂತೆ ಸೇರಿಸಿದೆ. ತೀರ್ಥಹಳ್ಳಿಯ ಹುಡುಗನೊಬ್ಬ ಸ್ಟುಡಿಯೊಗೇ ಬಂದು, ಒಂದೊಂದು ಗುಂಡಿಯನ್ನೂ ಒತ್ತಿ ನೋಡಿ, ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಫಂಗಸ್ ಹಿಡಿದಿದೆಯೇ ಎಂದು ಪರೀಕ್ಷಿಸಿ, ಹಣ ಕೊಟ್ಟು ಒಯ್ದ. ‘ಮಾರಾಟವಾಗಿದೆ’ ಎಂದು ಗುರುತು ಹಾಕಿ ಜಾಹೀರಾತು ಮುಚ್ಚಿದೆ.

ಅದೇ ಕ್ಯಾಮೆರಾ ಈಗ ನಿಮ್ಮ ಜಾಲತಾಣದಲ್ಲಿ ಬೆಳಗಾವಿ, ಪುಣೆ, ಹೈದರಾಬಾದ್, ಜೈಪುರಗಳಲ್ಲಿ ಒಮ್ಮೆಲೇ ಮಾರಾಟಕ್ಕಿದೆ. ಎಲ್ಲ ಜಾಹೀರಾತುಗಳಲ್ಲೂ ಇರುವುದು ನಾನು ತೆಗೆದ ಚಿತ್ರಗಳೇ. ಆಯುಧಪೂಜೆಯ ದಿನ ನನ್ನ ಹೆಂಡತಿ ಪೆಟ್ಟಿಗೆಗೆ ಇಟ್ಟ ಅರಿಸಿನ ಕುಂಕುಮದ ಬೊಟ್ಟು ಕೂಡ ಹಾಗೆಯೇ ಕಾಣುತ್ತಿದೆ. ಬಿಲ್ಲಿನ ಮೇಲೆ ನನ್ನ ಸ್ಟುಡಿಯೊ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ ಇವೆ. ಬದಲಾಗಿರುವುದು ಬರಹ ಮತ್ತು ಬೆಲೆ ಮಾತ್ರ. ಕ್ಯಾಮೆರಾ ಇದುವರೆಗೆ ತೆಗೆದ ಚಿತ್ರಗಳ ಲೆಕ್ಕ 1,10,000 ಕ್ಲಿಕ್ ದಾಟಿದೆ ಎಂದು ನಾನು ಬರೆದಿದ್ದೆ. ಈ ಮಾದರಿಯ ಶಟರನ್ನು, ಅಂದರೆ ಪ್ರತಿ ಚಿತ್ರಕ್ಕೂ ತೆರೆದು ಮುಚ್ಚುವ ಪರದೆಯನ್ನು, ಕಂಪನಿ 1,50,000 ಕ್ಲಿಕ್‌ಗಳವರೆಗೆ ಪರೀಕ್ಷಿಸಿರುವುದರಿಂದ ಆ ಮಾಹಿತಿ ಕೊಳ್ಳುವವರಿಗೆ ಬಹಳ ಮುಖ್ಯ. ಸುಳ್ಳು ಜಾಹೀರಾತುಗಳಲ್ಲಿ ‘ಐದೇ ಸಾವಿರ ಕ್ಲಿಕ್, ಮನೆ ಬಳಕೆ’ ಎಂದಿದೆ, ಬೆಲೆ ನಾನು ಕೇಳಿದ್ದರ ಅರ್ಧ. ಫ್ಲ್ಯಾಶ್ ಹಾಕಿ ತೆಗೆದು ಬಣ್ಣ ಸವೆದು ಲೋಹ ಕಾಣುತ್ತಿರುವ ಹಾಟ್ ಶೂ (ಫ್ಲ್ಯಾಶ್ ಕೂರಿಸುವ ಜಾಗ), ಹೆಬ್ಬೆರಳ ಜಾಗದಲ್ಲಿ ನುಣುಪಾದ ರಬ್ಬರ್: ಇದು ಮದುವೆ ಮನೆಗಳಲ್ಲಿ ದುಡಿದ ಕ್ಯಾಮೆರಾ ಎಂದು ಕಸುಬಿನವರು ಚಿತ್ರ ನೋಡಿದೊಡನೆ ಹೇಳಬಲ್ಲರು. ಹೊಸದಾಗಿ ಈ ದಾರಿಗೆ ಬರುವ ಹುಡುಗರಿಗೆ ಅದು ಹೇಗೆ ತಿಳಿಯಬೇಕು?

ಅಂಥ ಒಬ್ಬ ಹುಡುಗ ಕೊಪ್ಪಳ ಜಿಲ್ಲೆಯಿಂದ ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ನನ್ನ ಸ್ಟುಡಿಯೊ ಬಾಗಿಲಲ್ಲಿ ನಿಂತಿದ್ದ. ‘ಸರ್, ಕ್ಯಾಮೆರಾ ಕೊಡಿ, ಇಲ್ಲವಾದರೆ ನನ್ನ ದುಡ್ಡು ಕೊಡಿ’ ಎಂದ. ಬಿಲ್ಲಿನ ಮೇಲಿನ ವಿಳಾಸ ಹಿಡಿದು ಬಂದಿದ್ದ. ಅವನಿಗೆ ಜಾಹೀರಾತುದಾರ ಹೇಳಿದ್ದು ಹೀಗೆ: ತಾನು ಬೆಳಗಾವಿಯಲ್ಲಿ ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಆದ್ದರಿಂದ ಕಡಿಮೆ ಬೆಲೆಗೆ ಕೊಡುತ್ತಿದ್ದೇನೆ, ಸೇನೆಯ ಪಾರ್ಸೆಲ್‌ನಲ್ಲಿ ಕಳುಹಿಸುತ್ತೇನೆ. ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡುಗಳ ಚಿತ್ರ ಬಂದವು. ಮೊದಲು ಮುಂಗಡ, ಆಮೇಲೆ ಸಾಗಾಣಿಕೆ ಠೇವಣಿ, ಆಮೇಲೆ ‘ಹಿಂತಿರುಗಿಸುವ’ ತೆರಿಗೆ ಎಂದು ಹಣ ಹಾಕಿಸಿಕೊಳ್ಳುತ್ತಾ ಹೋಗಿ, ಒಟ್ಟು 38 ಸಾವಿರ ರೂಪಾಯಿ ತಲುಪಿದ ಮೇಲೆ ಫೋನ್ ಬಂದ್ ಆಯಿತು. ಅದು ಅವನ ತಾಯಿ ಸ್ವಸಹಾಯ ಸಂಘದಿಂದ ಎತ್ತಿಕೊಟ್ಟ ಸಾಲ. ನನ್ನ ಮೇಲೆ ಅವನಿಗಿದ್ದ ಕೋಪ ಇಳಿಯಲು ಬಹಳ ಹೊತ್ತು ಹಿಡಿಯಿತು. ನನ್ನ ಎದುರಿನಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆ, ಸೈಬರ್ ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆಗೂ ಕರೆದುಕೊಂಡು ಹೋದೆ. ಹಣ ಹಾಕಿದ ಕೂಡಲೇ ಕರೆ ಮಾಡಿದ್ದರೆ ಖಾತೆಯಲ್ಲಿ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚಿರುತ್ತಿತ್ತು. ಆದರೆ ಪಾರ್ಸೆಲ್ ಬರುತ್ತದೆಂದು ಅವನು ಕಾಯುತ್ತಿದ್ದ.

ಅನಂತರ ನಾನೇ ಕೊಳ್ಳುವವನಂತೆ ಆ ಜಾಹೀರಾತುದಾರನಿಗೆ ಸಂದೇಶ ಕಳುಹಿಸಿದೆ. ತಕ್ಷಣ ನಿಮ್ಮ ಚಾಟ್ ಬಿಟ್ಟು ವಾಟ್ಸ್‌ಆ್ಯಪ್‌ಗೆ ಬರಲು ಹೇಳಿದ. ಒಂದು ಚೀಟಿಯಲ್ಲಿ ಇಂದಿನ ದಿನಾಂಕ ಬರೆದು ಕ್ಯಾಮೆರಾ ಪಕ್ಕದಲ್ಲಿಟ್ಟು ಚಿತ್ರ ತೆಗೆದು ಕಳುಹಿಸಿ ಎಂದೆ. ಬಂದದ್ದು ಮತ್ತೆ ಗುರುತಿನ ಚೀಟಿ. ಕ್ಯಾಮೆರಾದಿಂದ ನೇರವಾಗಿ ತೆಗೆದ ಚಿತ್ರದ ಮೂಲ ಜೆಪೆಗ್ ಕಡತವನ್ನು ಇಮೇಲ್ ಮಾಡಿ ಎಂದೆ. ನಿಕಾನ್ ಕಡತದೊಳಗೆ ಕ್ಯಾಮೆರಾದ ಕ್ರಮಸಂಖ್ಯೆ, ಕ್ಲಿಕ್‌ಗಳ ಲೆಕ್ಕ ಎರಡೂ ದಾಖಲಾಗಿರುತ್ತವೆ. ಅವನು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದ, ಹಾಗೆ ಕಳುಹಿಸಿದರೆ ಆ ವಿವರಗಳು ಅಳಿಸಿಹೋಗುತ್ತವೆ. ನಾನೇ ಬಂದು ನೋಡುತ್ತೇನೆ ಎಂದು ಹೇಳಿದ ಮೇಲೆ ಅವನಿಂದ ಉತ್ತರವೇ ಇಲ್ಲ.

ಇಷ್ಟನ್ನೂ ಚಿತ್ರಗಳ ಸಮೇತ ನಿಮಗೆ ವರದಿ ಮಾಡಿದೆ. ‘ಪರಿಶೀಲಿಸಿದ್ದೇವೆ, ಜಾಹೀರಾತು ನಮ್ಮ ನಿಯಮಗಳನ್ನು ಉಲ್ಲಂಘಿಸಿಲ್ಲ’ ಎಂಬ ಸಿದ್ಧ ಉತ್ತರ ಬಂತು. ಯಾರು ಪರಿಶೀಲಿಸಿದರು, ಏನನ್ನು ಪರಿಶೀಲಿಸಿದರು? ಆ ಚಿತ್ರಗಳ ಮೂಲೆಯಲ್ಲಿ ನಿಮ್ಮ ಸಂಸ್ಥೆಯ ಮುದ್ರೆ ಎರಡು ಸಲ ಇದೆ: ನನ್ನ ಜಾಹೀರಾತಿಗೆ ಬಿದ್ದದ್ದು ಅರ್ಧ ಕತ್ತರಿಸಿದೆ, ಅದರ ಮೇಲೆ ಹೊಸದೊಂದು. ಚಿತ್ರ ನಿಮ್ಮಲ್ಲಿಂದಲೇ ಕದ್ದು ನಿಮ್ಮಲ್ಲಿಗೇ ಮರಳಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಮತ್ತೆ ದೂರು ಕೊಟ್ಟಾಗ ಜಾಹೀರಾತು ತೆಗೆದಿರಿ. ಅವೇ ಚಿತ್ರಗಳು ಬೇರೆ ಖಾತೆಯಿಂದ ಮತ್ತೆ ಬಂದವು. ಆ ಖಾತೆಗೂ ‘ಪರಿಶೀಲಿತ’ ಎಂಬ ಹಸಿರು ಗುರುತಿದೆ. ಮೊಬೈಲಿಗೆ ಬಂದ ಒಟಿಪಿ ಹಾಕಿದವರಿಗೆಲ್ಲ ಆ ಗುರುತು ಸಿಗುತ್ತದೆ ಎಂಬುದು ನಿಮ್ಮ ಸಹಾಯ ಪುಟದಲ್ಲೇ ಇದೆ. ಕೊಪ್ಪಳದ ಹುಡುಗ ನಂಬಿದ್ದು ಆ ಹಸಿರು ಗುರುತನ್ನು.

‘ವಂಚಕರಿದ್ದಾರೆ, ಎಚ್ಚರಿಕೆ’ ಎಂದು ಪುಟದ ಕೆಳಗೆ ಬರೆದು ಸುಮ್ಮನಾಗುವುದು ನ್ಯಾಯವಲ್ಲ. ಕೊಳ್ಳುವವನಿಗೆ ಒಂದು ಜಾಹೀರಾತು ಮಾತ್ರ ಕಾಣುತ್ತದೆ. ಒಂದೇ ಚಿತ್ರ ನಾಲ್ಕು ಊರುಗಳಲ್ಲಿ ನಾಲ್ಕು ಖಾತೆಗಳಿಂದ ಬಂದಿರುವುದು ಕಾಣುವುದು ನಿಮಗೆ. ಕತ್ತರಿಸಿದರೂ ಕುಗ್ಗಿಸಿದರೂ ಒಂದೇ ಚಿತ್ರವೆಂದು ಗುರುತಿಸುವ ತಂತ್ರಜ್ಞಾನ ಇವತ್ತು ಅಪರೂಪವೇನಲ್ಲ.

ಆದ್ದರಿಂದ ನನ್ನ ಚಿತ್ರ ಮತ್ತು ಬಿಲ್ ಇರುವ ಎಲ್ಲ ಜಾಹೀರಾತುಗಳನ್ನೂ ತೆಗೆದು, ಅವು ಯಾವ ಖಾತೆಯಿಂದಲೂ ಮತ್ತೆ ಏರದಂತೆ ತಡೆಯಬೇಕು. ಈ ಖಾತೆಗಳೊಂದಿಗೆ ಚಾಟ್ ಮಾಡಿದ ಪ್ರತಿಯೊಬ್ಬರಿಗೂ ಇದು ವಂಚನೆ ಎಂದು, ಹಣ ಕೊಟ್ಟಿದ್ದರೆ 1930ಕ್ಕೆ ಕರೆ ಮಾಡಿ ಎಂದು ಇಂದೇ ಸಂದೇಶ ಕಳುಹಿಸಬೇಕು. ಇನ್ನೂ ಯಾರಾದರೂ ಪಾರ್ಸೆಲ್‌ಗಾಗಿ ಕಾಯುತ್ತಿರಬಹುದು. ಒಟಿಪಿಗೆ ಕೊಡುವ ಗುರುತಿನಿಂದ ‘ಪರಿಶೀಲಿತ’ ಎಂಬ ಪದವನ್ನು ತೆಗೆಯಬೇಕು. ತೆಗೆದುಹಾಕಿದ ಜಾಹೀರಾತುಗಳ ಖಾತೆ, ಮೊಬೈಲ್ ಸಂಖ್ಯೆ, ಲಾಗಿನ್ ವಿವರಗಳನ್ನು ನಿಮ್ಮಂಥ ಜಾಲತಾಣಗಳಿಗೆ ಅನ್ವಯಿಸುವ 2021ರ ಮಾಹಿತಿ ತಂತ್ರಜ್ಞಾನ ಮಧ್ಯವರ್ತಿ ನಿಯಮಗಳ ಪ್ರಕಾರ 180 ದಿನ ಕಾಪಾಡಿಡಬೇಕಾಗಿದೆ. ಅವನ್ನು ಅಳಿಸದೆ, ಪೊಲೀಸರು ಕೇಳಿದ ಕೂಡಲೇ ಒದಗಿಸಬೇಕು.

ಅದೇ ನಿಯಮಗಳಂತೆ 24 ಗಂಟೆಯೊಳಗೆ ಈ ದೂರಿಗೆ ಸ್ವೀಕೃತಿ ಕೊಡಿ. ಸಿದ್ಧ ಉತ್ತರ ಬೇಡ, ದೂರನ್ನು ಓದಿದ ಅಧಿಕಾರಿಯ ಹೆಸರಿನಲ್ಲಿ ಬರಲಿ. ಕಂಪ್ಯೂಟರ್ ಅಥವಾ ಫೋನ್ ಮೂಲಕ ಬೇರೊಬ್ಬರ ಸೋಗಿನಲ್ಲಿ ವಂಚಿಸುವುದಕ್ಕೆ ಸಂಬಂಧಿಸಿದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಪ್ರಕರಣ ದಾಖಲಿಸುವಂತೆ ಠಾಣೆಗೆ ಕೊಟ್ಟಿರುವ ದೂರಿನಲ್ಲಿ ನಿಮ್ಮ ಹಿಂದಿನ ಉತ್ತರಗಳನ್ನೂ ಲಗತ್ತಿಸಿದ್ದೇನೆ, ಈ ಪತ್ರದ ಪ್ರತಿಯನ್ನೂ ಅಲ್ಲಿಗೆ ಸಲ್ಲಿಸುತ್ತೇನೆ.

ಇಂತಿ,
(ಸಹಿ)
ಸ್ಟುಡಿಯೊ ಮಾಲೀಕ, ಶಿವಮೊಗ್ಗ

ಲಗತ್ತು: ನನ್ನ ಮೂಲ ಜಾಹೀರಾತಿನ ಪ್ರತಿ, ಸುಳ್ಳು ಜಾಹೀರಾತುಗಳ ಚಿತ್ರಗಳು, ಎರಡು ಮುದ್ರೆ ಕಾಣುವ ಚಿತ್ರದ ಹಿಗ್ಗಿಸಿದ ಪ್ರತಿ, ಠಾಣೆಯ ಸ್ವೀಕೃತಿ.