ಪೋ ನಗಿಸುತ್ತಾನೆ, ಅದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಕಥೆಗಾರ, ಕವಿ ಎಡ್ಗರ್ ಅಲನ್ ಪೋ ಬಗ್ಗೆ ಬಂದ ಲೇಖನ ಓದಿದೆ. ಅವನ ಭಯದ ಕಥೆಗಳ ಕಪ್ಪು ಬೆಕ್ಕು, ಗೋಡೆಯೊಳಗಿನ ಹೆಣ, ನೆಲದಡಿ ಬಡಿದುಕೊಳ್ಳುವ ಗುಂಡಿಗೆ, ಎಲ್ಲ ಇತ್ತು. ಚಿತ್ರವೂ ಚೆನ್ನಾಗಿತ್ತು. ಆದರೆ ಇಡೀ ಪುಟದಲ್ಲಿ ಪೋ ಒಂದು ಸಲವೂ ನಗಲಿಲ್ಲ. ಪದ್ಯದ ಬಗ್ಗೆ ಇದ್ದದ್ದು ಒಂದೇ ಸಾಲು. ಅದಕ್ಕೇ ಈ ಪತ್ರ.

ನಾನು ಹಾಸನದಲ್ಲಿ ಕನ್ನಡಕದ ಅಂಗಡಿ ನಡೆಸುವವನು. ಪೋ ನನಗೆ ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ. ಸುಮ್ನೆ ಪುಟ ತಿರುಗಿಸುವಾಗ 'ದಿ ಸ್ಪೆಕ್ಟಕಲ್ಸ್' ಎಂಬ ಕಥೆ ಕಣ್ಣಿಗೆ ಬಿತ್ತು. ನಮ್ಮ ಕಸುಬಿನ ಕಥೆ ಅಂತಲೇ ಪುಸ್ತಕ ಕೊಂಡೆ.

ಕಥೆಯ ಹುಡುಗನಿಗೆ ಕಣ್ಣು ತೀರಾ ಮಂಜು. ಮುಖದ ಅಂದ ಕೆಡುತ್ತದೆ ಅಂತ ಕನ್ನಡಕ ಹಾಕುವುದಿಲ್ಲ. ಒಂದು ರಾತ್ರಿ ಆಪೆರಾ ಎಂಬ ಹಾಡುನಾಟಕ ನೋಡುವಾಗ ದೂರ ಕೂತಿದ್ದ ಹೆಂಗಸನ್ನು ಕಂಡು ಮನಸೋಲುತ್ತಾನೆ. ಕಾಡಿ ಬೇಡಿ ಮದುವೆಗೆ ಒಪ್ಪಿಸುತ್ತಾನೆ. ಆಕೆ ಕೇಳುವುದು ಒಂದೇ ಮಾತು: ಮದುವೆಯಾದ ಮೇಲೆ ಕನ್ನಡಕ ಹಾಕಬೇಕು. ಹಾಕಿ ನೋಡಿದರೆ ಎದುರಿಗೆ 82 ವರ್ಷದ ಮುದುಕಿ, ಬಾಯಲ್ಲಿ ಹಲ್ಲಿಲ್ಲ. ಸಂಬಂಧದಲ್ಲಿ ಅವಳು ಅವನ ಮುತ್ತಜ್ಜಿಯ ತಾಯಿ! ಬುದ್ಧಿ ಕಲಿಸಲು ಆಕೆಯೂ ಹುಡುಗನ ಗೆಳೆಯನೂ ಸೇರಿ ಹೂಡಿದ ಆಟ ಅದು. ಮದುವೆಯೂ ಸುಳ್ಳು.

ಹೋದ ವರ್ಷ ನನ್ನ ಅಂಗಡಿಗೆ ಒಬ್ಬ ಹುಡುಗ ಬಂದಿದ್ದ. ಮೈನಸ್ ಐದು ನಂಬರ್. "ಭಾನುವಾರ ಹೆಣ್ಣು ನೋಡಕ್ಕೆ ಹೋಗ್ಬೇಕು ಸಾರ್, ಕನ್ನಡಕ ಬೇಡ, ಹಂಗೇ ಹೋಗ್ತೀನಿ" ಅಂದ. ಕೂರಿಸಿಕೊಂಡು ಈ ಕಥೆ ಹೇಳಿದೆ. ನಕ್ಕೂ ನಕ್ಕೂ ಅವನ ಕಣ್ಣಲ್ಲಿ ನೀರು ಬಂತು. ಆಮೇಲೆ ತಾನೇ ಒಂದು ತೆಳು ಫ್ರೇಮ್ ಆರಿಸಿಕೊಂಡ. 1844ರಲ್ಲಿ ಅಮೆರಿಕದಲ್ಲಿ ಅಚ್ಚಾದ ಕಥೆ ಇದು!

ಇನ್ನೊಂದು ಕಥೆ 1839ರದ್ದು. ಊರೆಲ್ಲ ಹೊಗಳುವ ಸುಂದರ ಜನರಲ್ ಒಬ್ಬನ ಮನೆಗೆ ಹೋದರೆ ನೆಲದ ಮೇಲೆ ಒಂದು ಗಂಟು ಬಿದ್ದಿದೆ. ಕಾಲಿನಿಂದ ಸರಿಸಿದರೆ ಗಂಟೇ ಮಾತಾಡುತ್ತದೆ! ಕಾಲು, ತೋಳು, ಎದೆ, ಕೂದಲು, ಹಲ್ಲು, ಕಣ್ಣು ಎಲ್ಲ ಒಂದೊಂದಾಗಿ ಜೋಡಿಸಿದ ಮೇಲೆ ಅದೇ ಜನರಲ್ ಎದ್ದು ನಿಲ್ಲುತ್ತಾನೆ. ಯುದ್ಧ ಅವನಲ್ಲಿ ಉಳಿಸಿದ್ದು ಅಷ್ಟೇ. ನಗುತ್ತಿರುವಾಗಲೇ ಹೊಟ್ಟೆ ತಣ್ಣಗಾಗುತ್ತದೆ.

ಈಗ ಪದ್ಯಕ್ಕೆ ಬರುತ್ತೇನೆ. 1845ರ 'ದಿ ರೇವನ್' ಬಗ್ಗೆ ಎಲ್ಲರೂ ಕತ್ತಲು, ಸಾವು ಅಂತಲೇ ಬರೆಯುತ್ತಾರೆ. ಸ್ವಲ್ಪ ನಿಧಾನವಾಗಿ ಓದಿ ನೋಡಿ. ಆ ದೊಡ್ಡ ಕಾಗೆ ಕಿಟಕಿಯಿಂದ ಒಳಗೆ ಬರುವ ಠೀವಿಗೆ, ಸತ್ತ ಪ್ರಿಯೆ ಲೆನೋರ್‌ಳ ನೆನಪಲ್ಲಿ ಕೂತವನ ಮುಖದಲ್ಲೂ ನಗು ಮೂಡುತ್ತದೆ. ದೊಡ್ಡ ಮನುಷ್ಯರನ್ನು ಮಾತಾಡಿಸುವ ಹಾಗೆ ತಮ್ಮ ಹೆಸರೇನು ಅಂತ ಕೇಳುತ್ತಾನೆ. ಹಕ್ಕಿ 'ನೆವರ್‌ಮೋರ್', ಅಂದರೆ ಇನ್ನೆಂದೂ ಇಲ್ಲ, ಅನ್ನುತ್ತದೆ. ಕಷ್ಟ ಕಂಡ ಯಾವನೋ ಯಜಮಾನನ ಹತ್ತಿರ ಕಲಿತಿರಬೇಕು ಎಂದುಕೊಳ್ಳುತ್ತಾನೆ. ಅದಕ್ಕೆ ಬರುವುದು ಅದೊಂದೇ ಮಾತು ಅಂತ ಗೊತ್ತಿದ್ದೂ ಕೇಳುತ್ತಾ ಹೋಗುತ್ತಾನೆ. ನನ್ನ ಲೆನೋರ್ ಮತ್ತೆ ಸಿಗುತ್ತಾಳಾ? ಅದೇ ಉತ್ತರ. ನಗುತ್ತಾ ಶುರುವಾದ ಆಟ ಕೊರಳಿಗೇ ಸುತ್ತಿಕೊಳ್ಳುತ್ತದೆ. ಆ ಮೊದಲ ನಗು ಇಲ್ಲದಿದ್ದರೆ ಕೊನೆಯ ಸಂಕಟ ಇಷ್ಟು ಚುಚ್ಚುತ್ತಿತ್ತಾ? ಈ ಪದ್ಯಕ್ಕೆ ಮೊದಲು ತನಗೆ ಹೊಳೆದ ಹಕ್ಕಿ ಕಾಗೆಯಲ್ಲ, ಗಿಳಿ ಎಂದು ಪೋ ತಾನೇ 1846ರ ಪ್ರಬಂಧವೊಂದರಲ್ಲಿ ಹೇಳಿದ್ದಾನೆ.

ಗಂಟೆಗಳ ಮೇಲಿನ ಅವನ ಪದ್ಯ 'ದಿ ಬೆಲ್ಸ್' ಅನ್ನು ಜೋರಾಗಿ ಓದಬೇಕು. ಬೆಳ್ಳಿ, ಚಿನ್ನ, ಹಿತ್ತಾಳೆ, ಕಬ್ಬಿಣ, ನಾಲ್ಕೂ ಗಂಟೆಗಳ ಸದ್ದು ನಾಲಿಗೆ ಮೇಲೇ ಬದಲಾಗುತ್ತದೆ.

ನನಗೆ ತುಂಬಾ ಹತ್ತಿರವಾದದ್ದು ಮಾತ್ರ 'ಟು ಮೈ ಮದರ್' ಎಂಬ 14 ಸಾಲಿನ ಪದ್ಯ. ಪೋಗೆ ಮೂರು ತುಂಬುವ ಮೊದಲೇ ತಾಯಿ ತೀರಿಕೊಂಡಿದ್ದಳು. ಈ ಪದ್ಯ ಬರೆದದ್ದು ಮರಿಯಾ ಕ್ಲೆಮ್‌ಗೆ. ಆಕೆ ಅವನ ತಂದೆಯ ತಂಗಿ, ಹೆಂಡತಿ ವರ್ಜೀನಿಯಾಳ ತಾಯಿ. ಇಂಗ್ಲಿಷಿನಲ್ಲಿ ಇದನ್ನು ಎರಡು ಸಂಬಂಧ ಅಂತ ಬಿಡಿಸಿ ಹೇಳಬೇಕು. ನಮಗೆ 'ಅತ್ತೆ' ಎಂಬ ಒಂದೇ ಮಾತು ಸಾಕು, ಅಲ್ವಾ? ವರ್ಜೀನಿಯಾ 24ನೇ ವಯಸ್ಸಿಗೆ ಕ್ಷಯದಿಂದ ಸತ್ತಳು. ಹೆತ್ತ ತಾಯಿ ನನಗಷ್ಟೇ ತಾಯಿ, ನೀನು ನಾನು ಪ್ರೀತಿಸಿದವಳ ತಾಯಿ, ಅದಕ್ಕೇ ನನಗೆ ಹೆಚ್ಚು ಎಂದು ಅತ್ತೆಗೆ ಹೇಳುತ್ತಾನೆ. ಇದನ್ನು ಬರೆದವನನ್ನು ಬರೀ ದೆವ್ವದ ಕಥೆಗಾರ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಈ ಒಂದೇ ಬಣ್ಣ ಬಳಿಯುವ ಕೆಲಸ ಶುರುವಾದದ್ದೂ ಒಂದು ಪತ್ರಿಕೆಯಲ್ಲೇ. ಪೋ ತೀರಿಕೊಂಡದ್ದು 1849ರ ಅಕ್ಟೋಬರ್ 7ರಂದು, ಬಾಲ್ಟಿಮೋರ್‌ನಲ್ಲಿ. ಎರಡೇ ದಿನಕ್ಕೆ ರೂಫಸ್ ಗ್ರಿಸ್‌ವೋಲ್ಡ್ ಎಂಬಾತ ಬೇರೆ ಹೆಸರಿಟ್ಟುಕೊಂಡು ನ್ಯೂಯಾರ್ಕಿನ ಪತ್ರಿಕೆಗೆ ಬರೆದ. ಈ ಸಾವಿಗೆ ದುಃಖಪಡುವವರು ಕೆಲವರೇ ಎಂದ. ಪೋ ಬರಹಗಳ ಸಂಪಾದನೆಯೂ ಆಮೇಲೆ ಅವನ ಕೈಗೇ ಹೋಯಿತು. ಅವನು ಕಟ್ಟಿದ ಕರಾಳ ಮನುಷ್ಯನ ಕಥೆಯನ್ನೇ ಜನ ಬಹಳ ಕಾಲ ನಂಬಿದರು.

ಬರುವ ಅಕ್ಟೋಬರ್ 7ರ ಹೊತ್ತಿಗೆ ಅತ್ತೆಯ ಪದ್ಯವನ್ನೂ ಕನ್ನಡಕದ ಕಥೆಯನ್ನೂ ಯಾರಿಂದಲಾದರೂ ಕನ್ನಡಕ್ಕೆ ಮಾಡಿಸಿ ಪುರವಣಿಯಲ್ಲಿ ಹಾಕಿ. ಕಣ್ಣು ಪರೀಕ್ಷೆಗೆ ಜನ ಕಾಯುತ್ತಾ ಕೂರುವ ಬೆಂಚಿನ ಎದುರಿಗೆ ಆ ಪುಟವನ್ನು ಅಂಟಿಸುತ್ತೇನೆ.

– ಕನ್ನಡಕದಂಗಡಿಯ ಓದುಗ, ಹಾಸನ