ಮುಂದಿನ ಎಡಗಡೆಯ ಟೈರು

ಚಿ. ಸೌ. ಪುಟ್ಟಿಗೆ, ದಾವಣಗೆರೆಯಿಂದ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಭಾನುವಾರ ರಾತ್ರಿ, ಕುದುರೆ ಟ್ರೇಲರ್ ಎಳೆಯುವ ನಿನ್ನ ಪಿಕಪ್ಪಿಗೆ ಕೊಳ್ಳಹೊರಟ ಹೊಸ ಟೈರುಗಳ ಮಾತಿಗೆ ಜಗಳವಾಗಿ ನೀನು ಅರ್ಧದಲ್ಲೇ ಫೋನ್ ಇಟ್ಟ ಮೇಲೆ ನಿನ್ನ ಅಮ್ಮ ನನ್ನೊಡನೆ ಸರಿಯಾಗಿ ಮಾತನಾಡಿಲ್ಲ. ಕೂಗಾಡಿದ್ದು ನನ್ನದೇ ತಪ್ಪು. ಕುದುರೆಯ ನಡಿಗೆ ನೋಡಿಯೇ ಯಾವ ಕಾಲಿನಲ್ಲಿ ನೋವಿದೆ ಎಂದು ಹೇಳಬಲ್ಲ ವೈದ್ಯೆಯನ್ನು ಹಿಡಿದು "ನಿನಗೇನು ಗೊತ್ತಾಗುತ್ತದೆ" ಎಂದು ನಾನು ಕೇಳಬಾರದಿತ್ತು. ಆದರೆ "ಅದೇ ಅಳತೆ, ಅರ್ಧ ಬೆಲೆ, ಇದರಲ್ಲಿ ಯೋಚಿಸುವುದೇನಿದೆ ಅಪ್ಪಾ" ಎಂದು ನೀನು ಹೇಳಿದ ಮಾತನ್ನು 1994ರಲ್ಲಿ ನಾನೇ ಒಬ್ಬನ ಮುಂದೆ ಹೆಚ್ಚುಕಡಿಮೆ ಹಾಗೆಯೇ ಆಡಿದ್ದೆ. ಅದು ನೆನಪಾಗಿ ನನ್ನ ದನಿ ಏರಿತು. ಬಾಯಿಮಾತಿನಲ್ಲಿ ಹೇಳಹೊರಟರೆ ಮತ್ತೆ ಜಗಳವಾದೀತು ಎಂದು ಬರೆಯುತ್ತಿದ್ದೇನೆ. ಹಾಳೆಗಳ ಫೋಟೋ ತೆಗೆದು ನಿನ್ನ ತಮ್ಮ ಕಳುಹಿಸಿಕೊಡುತ್ತಾನೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಮೂರು ರಾತ್ರಿ ಕುಳಿತು ಮಾಡಿದ್ದೇನೆ. ನಿನ್ನ ಪಿಕಪ್ಪಿಗೆ ಕಂಪನಿಯಿಂದಲೇ ಬಂದದ್ದು ಎಲ್‌ಟಿ 265/70 ಆರ್ 17, ಲೋಡ್ ರೇಂಜ್ ಇ. ನೀನು ಆರಿಸಿಟ್ಟಿರುವುದು ಪಿ 265/70 ಆರ್ 17. ಅಗಲ ಅದೇ, ಎತ್ತರ ಅದೇ, ರಿಮ್ಮಿನ ಮೇಲೆ ಸರಿಯಾಗಿ ಕೂರುತ್ತದೆ ಎಂಬುದೂ ನಿಜ. ಬದಲಾಗಿರುವುದು ಮೊದಲಿನ ಅಕ್ಷರ. ಪಿ ಎಂದರೆ ಮನೆಮಂದಿ ಓಡಾಡುವ ಗಾಡಿಯ ಟೈರು, ಎಲ್‌ಟಿ ಎಂದರೆ ಹೊರೆ ಹೊರುವ ಗಾಡಿಯ ಟೈರು. ಇ ಎಂಬುದನ್ನು ನಮ್ಮ ಲಾರಿಯವರ ಮಾತಿನಲ್ಲಿ ಹೇಳುವುದಾದರೆ 10 ಪ್ಲೈ. ಈಗಿನ ಟೈರಿನೊಳಗೆ ಹತ್ತು ಪದರ ಎಣಿಸಿದರೆ ಸಿಗುವುದಿಲ್ಲ, ಹೆಸರು ಮಾತ್ರ ಉಳಿದಿದೆ. ಆದರೆ 80 ಪೌಂಡ್ ಗಾಳಿ ತುಂಬಿಸಿಕೊಂಡು ಹೊರೆಗೆ ಬೆನ್ನು ಕೊಡುವ ಗಟ್ಟಿತನ ಅದಕ್ಕಿದೆ. ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಚೀಟಿಯ ಫೋಟೋವನ್ನು ನೀನೇ ಕಳುಹಿಸಿದ್ದೀಯ, ಅದು ಹಿಂದಿನ ಟೈರುಗಳಿಗೆ 80 ಕೇಳುತ್ತಿದೆ. ಪಿ ಟೈರು ತಾನು ಹೊರಬಲ್ಲ ಪೂರ್ತಿ ಹೊರೆಯನ್ನು 35ಕ್ಕೇ ಹೊತ್ತು ಮುಗಿಸುತ್ತದೆ. ಅದಕ್ಕೆ 80 ತುಂಬುವಂತೆಯೇ ಇಲ್ಲ.

"ಪಕ್ಕೆಯ ಮೇಲೆ ಹೊರೆಯ ಸಂಖ್ಯೆ 115 ಎಂದು ಬರೆದಿದೆ, ಅಂದರೆ ಒಂದು ಟೈರಿಗೆ 1,215 ಕಿಲೋ, ನಾಲ್ಕಕ್ಕೆ 4,860 ಕಿಲೋ, ಸಾಲದೇ?" ಎಂದು ಕೇಳಿದೆಯಲ್ಲ, ತಪ್ಪಿದ್ದು ಅಲ್ಲಿಯೇ. ಹೊರೆಯನ್ನು ಗಾಡಿಗೆಲ್ಲ ಸೇರಿಸಿ ಲೆಕ್ಕ ಹಾಕಬಾರದು, ಆಕ್ಸಲ್ ಲೆಕ್ಕದಲ್ಲಿ ನೋಡಬೇಕು. ಮೂರು ಕುದುರೆ, ಹುಲ್ಲು, ಜೀನು, ನೀರು ಎಲ್ಲ ಸೇರಿ ನಿನ್ನ ಟ್ರೇಲರ್ 4,500 ಕಿಲೋ ತೂಗುತ್ತದೆ ಎಂದಿಟ್ಟುಕೋ. ಅದು ಗೂಸ್‌ನೆಕ್ (ಪಿಕಪ್ಪಿನ ಹಿಂದಿನ ತೊಟ್ಟಿಯೊಳಗೆ ಕೊಂಡಿ ಹಾಕುವ ಜಾತಿ) ಆದ್ದರಿಂದ ತೂಕದ ಐದನೆಯ ಒಂದು ಭಾಗವಾದರೂ, ಅಂದರೆ 900 ಕಿಲೋ, ಪಿಕಪ್ಪಿನ ಹಿಂದಿನ ಆಕ್ಸಲ್ಲಿನ ಮೇಲೆ ಬಂದು ಕೂರುತ್ತದೆ. ಬರಿಗಾಡಿಯ ಹಿಂಭಾಗವೇ 1,300 ಕಿಲೋ ಇರುತ್ತದೆ. ನೀವಿಬ್ಬರು, ನಾಯಿ, ಸಾಮಾನು ಎಂದು ಅಲ್ಲಿಗೆ ಬೀಳುವ ಪಾಲನ್ನು 100 ಎಂದರೂ ಒಟ್ಟು 2,300 ಆಯಿತು. ಪಿ ಟೈರನ್ನು ಪಿಕಪ್ಪಿಗೆ ಹಾಕಿದಾಗ ಅದರ ಹೊರೆಯನ್ನು 1.1ರಿಂದ ಭಾಗಿಸಿಯೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ನಿಮ್ಮ ಅಮೆರಿಕದ್ದೇ ನಿಯಮ. ಹಾಗೆ ಭಾಗಿಸಿದರೆ 1,215 ಇದ್ದದ್ದು 1,104 ಆಗುತ್ತದೆ, ಎರಡು ಟೈರಿಗೆ 2,208. ಮನೆಯಂಗಳ ಬಿಡುವ ಮೊದಲೇ ಸುಮಾರು ನೂರು ಕಿಲೋ ಹೆಚ್ಚಾಯಿತಲ್ಲ ಮಗಳೇ! ಅದೇ ಅಳತೆಯ ಎಲ್‌ಟಿ ಟೈರಿನ ಮೇಲೆ 121 ಎಂದಿರುತ್ತದೆ, ಒಂದಕ್ಕೆ 1,450, ಎರಡಕ್ಕೆ 2,900. ಆರುನೂರು ಕಿಲೋ ಕೈಯಲ್ಲಿ ಉಳಿಯುತ್ತದೆ. ನಾನು ಅಂದಾಜಿನಲ್ಲಿ ಹಾಕಿದ ತೂಕ ಹೆಚ್ಚೋ ಕಡಿಮೆಯೋ ಎಂಬ ಅನುಮಾನವಿದ್ದರೆ ಕುದುರೆಗಳನ್ನು ಹತ್ತಿಸಿಕೊಂಡು ಟ್ರಕ್ ಸ್ಟಾಪಿನಲ್ಲಿರುವ ವೇಬ್ರಿಡ್ಜ್ ಮೇಲೆ ಒಮ್ಮೆ ನಿಲ್ಲಿಸು, ಅಲ್ಲಿ ಪ್ರತಿ ಆಕ್ಸಲ್ಲಿನ ತೂಕವನ್ನೂ ಬೇರೆ ಬೇರೆ ಬರೆದು ಕೊಡುತ್ತಾರೆ.

ಇನ್ನು 1994ರ ಮಾತು. ನಮ್ಮ ಲಾರಿ ಗುಂಡಿಗೆ ಬಿದ್ದು ಪಲ್ಟಿಯಾಗುವಂತಾಗಿತ್ತು ಎಂದು ನಿನಗೆ ಹೇಳಿಕೊಂಡು ಬಂದಿದ್ದೇನೆ. ರಸ್ತೆಯಲ್ಲಿ ಗುಂಡಿ ಇರಲಿಲ್ಲ.

ಅದು ಏಪ್ರಿಲ್ ತಿಂಗಳು. ದಾವಣಗೆರೆಯಿಂದ ಬೆಂಗಳೂರಿಗೆ ಅಕ್ಕಿ ಮೂಟೆ ತುಂಬಿಕೊಂಡು ಹೊರಟಿದ್ದೆವು. ಮುಂದಿನ ಎಡಗಡೆಗೆ ಇದ್ದದ್ದು ರೀಸೋಲ್ ಮಾಡಿಸಿದ, ಅಂದರೆ ಸವೆದ ಮೈಗೆ ಹೊಸ ರಬ್ಬರ್ ಕೂರಿಸಿದ ಹಳೆಯ ಟೈರು. ಹಿಂದಿನ ಜೋಡಿ ಚಕ್ರಗಳಿಗೆ ರೀಸೋಲ್ ಹಾಕಿದರೆ ಒಂದು ಹೋದರೂ ಪಕ್ಕದ್ದು ಹಿಡಿದುಕೊಳ್ಳುತ್ತದೆ, ಆದರೆ ಮುಂದೆ ಸ್ಟೇರಿಂಗಿಗೆ ಅದನ್ನು ಹಾಕಬಾರದು ಎಂಬುದು ಪಂಕ್ಚರ್ ಅಂಗಡಿಯ ಹುಡುಗನಿಗೂ ಗೊತ್ತಿರುವ ಮಾತು. ನನಗೂ ಗೊತ್ತಿತ್ತು. ಹಿರಿಯೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಎಂದಿನಂತೆ ಸುತ್ತು ಬಂದು ಟೈರುಗಳ ಮೇಲೆ ಅಂಗೈ ಇಟ್ಟು ನೋಡಿದೆ. ಬಲಗಡೆಯದರ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಕೈ ಇಡಬಹುದಾಗಿತ್ತು, ಎಡಗಡೆಯದರ ಮೇಲೆ ಮೂರು ಎಣಿಸುವುದರೊಳಗೆ ಕೈ ತೆಗೆದೆ. ಸುಟ್ಟ ರಬ್ಬರಿನ ಸಣ್ಣ ವಾಸನೆಯೂ ಇತ್ತು. ಕ್ಲೀನರ್ ಹುಡುಗನಿಗೆ ಆಗ ಹತ್ತೊಂಬತ್ತು ವರ್ಷ. "ಸ್ಟೆಪ್ನಿ ಹಾಕೋಣವೇನಣ್ಣ?" ಎಂದು ಅವನೇ ಕೇಳಿದ. ಬಿಸಿಲಿನಲ್ಲಿ ಜಾಕಿ ಕೊಟ್ಟು ಬದಲಾಯಿಸಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. "ಅದೂ ಟೈರೇ, ಅದೇ ಅಳತೆ, ಅರ್ಧ ದುಡ್ಡಿಗೆ ಬಂತು, ಓಡುತ್ತೆ ಬಿಡೋ" ಎಂದು ಹೇಳಿ ಹತ್ತಿ ಕುಳಿತೆ. ಶಿರಾ ಇನ್ನೂ ದೂರವಿರುವಾಗಲೇ ಅದು ಸಿಡಿಯಿತು. ಸ್ಟೇರಿಂಗ್ ಎಡಕ್ಕೆ ಎಳೆದ ಎಳೆತಕ್ಕೆ ನನ್ನ ಎರಡು ಕೈಯ ಬಲವೂ ಸಾಲಲಿಲ್ಲ. ಹುಣಸೆಮರಕ್ಕೆ ಬಡಿದದ್ದು ಕ್ಯಾಬಿನ್ನಿನ ಎಡಭಾಗ. ನನಗೆ ತರಚಿದ ಗಾಯವೂ ಆಗಲಿಲ್ಲ. ಅವನ ಕಾಲು ಏನಾಯಿತು ಎಂಬುದನ್ನು ನಿನಗೆ ಹೇಳಬೇಕಾಗಿಲ್ಲ, ಚಿಕ್ಕಂದಿನಿಂದ ನೋಡಿದ್ದೀಯ.

ಟೈರು ಮೊಳೆಯಿಂದ ಸಿಡಿಯುವುದು ಅಪರೂಪ, ಅದು ಸಿಡಿಯುವುದು ಕಾವಿನಿಂದ. ಗಾಳಿ ಕಡಿಮೆಯಿದ್ದರೂ ಸರಿ, ಹೊರೆ ಹೆಚ್ಚಾದರೂ ಸರಿ, ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಬಗ್ಗಿ ಏಳುತ್ತಿರುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುವಂತೆ ಒಳಗೆ ಕಾವು ಏರುತ್ತದೆ, ಕಾವಿಗೆ ಪದರಗಳು ಒಂದನ್ನೊಂದು ಬಿಟ್ಟುಕೊಡುತ್ತವೆ. ಹೊರಗಿನಿಂದ ನೋಡಿದರೆ ಟೈರು ಹೊಸದರಂತೆಯೇ ಕಾಣುತ್ತಿರುತ್ತದೆ. ನಿಮ್ಮ ದೇಶದಲ್ಲಿಯೇ 2000ದ ಆಗಸ್ಟ್‌ನಲ್ಲಿ ಹೀಗೆ ಮೇಲ್ಪದರ ಕಳಚುತ್ತಿದೆಯೆಂದು ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಆ ಗಲಾಟೆಯ ನಂತರ ಬಂದ ಕಾನೂನಿನಿಂದಲೇ ಡ್ಯಾಶ್‌ಬೋರ್ಡಿನಲ್ಲಿ ಗಾಳಿಯ ದೀಪ ಬಂದದ್ದು. ಆದರೆ ಆ ದೀಪವನ್ನು ನಂಬಿ ಕೂರಬೇಡ. ಸಾಮಾನ್ಯವಾಗಿ ಅದು ಹತ್ತಿಕೊಳ್ಳುವುದು ಕಾಲುಭಾಗ ಗಾಳಿ ಇಳಿದ ಮೇಲೆ, ಅಂದರೆ 80 ಇದ್ದದ್ದು 60ಕ್ಕೆ ಬಂದಾಗ. ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ ಗೇಜ್ ಹಿಡಿದು ನೋಡು. ದಾರಿಯಲ್ಲಿ ಬಿಸಿಯಾಗಿ ಒತ್ತಡ ಏರಿತೆಂದು ಗಾಳಿ ಬಿಡಬೇಡ.

ಕಳೆದ ವರ್ಷ ನಿಮ್ಮಲ್ಲಿಗೆ ಬಂದಿದ್ದಾಗ ನೀನು ಆ ಟ್ರೇಲರನ್ನು ಕೊಟ್ಟಿಗೆಯ ಬಾಗಿಲಿಗೆ ಒಂದೇ ಸಲಕ್ಕೆ ರಿವರ್ಸ್ ಹಾಕಿ ನಿಲ್ಲಿಸಿದ್ದನ್ನು ನಾನು ಬೇಲಿಯ ಹತ್ತಿರ ನಿಂತು ನೋಡಿದ್ದೆ. ಇಪ್ಪತ್ತಾರು ವರ್ಷ ಲಾರಿ ಓಡಿಸಿದ ನನಗೆ ಆ ಕೆಲಸ ಬರುವುದಿಲ್ಲ. ಅದನ್ನು ಆಗಲೇ ಹೇಳಬೇಕಿತ್ತು. ಹೇಳುವುದನ್ನು ಬಿಟ್ಟು ಬಗ್ಗಿ ಟೈರಿನ ಸಂದಿಯಲ್ಲಿ ಬೆರಳಿಟ್ಟು ನೋಡುತ್ತಿದ್ದೆ, ನಿನಗೆ ಸಿಟ್ಟು ಬಂದಿತ್ತು.

ಅಳಿಯಂದಿರಿಗೆ ಉಬ್ಬು ಉಬ್ಬಾದ ಮಡ್ ಟೈರಿನ ಮೇಲೆ ಆಸೆ ಇದ್ದಂತಿದೆ. ನೋಡಲು ಚೆನ್ನಾಗಿರುತ್ತದೆ, ಬೇಡ. ಎತ್ತರದ ಉಬ್ಬುಗಳು ಹೊರೆಯಡಿಯಲ್ಲಿ ಅಲುಗುತ್ತವೆ, ಅಲುಗಿದಷ್ಟೂ ಕಾವು, ಹಿಂದೆ ಟ್ರೇಲರ್ ಇದ್ದರೆ ಗಾಡಿ ಓಲಾಡಿದಂತೆಯೂ ಆಗುತ್ತದೆ. ನೀನು ಓಡಾಡುವುದು ಡಾಂಬರಿನ ಮೇಲೆ, ನಡುವೆ ಸ್ವಲ್ಪ ಜಲ್ಲಿ ಹಾದಿ, ಚಳಿಗಾಲದಲ್ಲಿ ಹಿಮ. ಗೆರೆಗೆರೆಯಾದ ಹೈವೇ ಟೈರು ಅಥವಾ ಹೆಚ್ಚೆಂದರೆ ಸೌಮ್ಯವಾದ ಆಲ್ ಟೆರೇನ್ ಸಾಕು. ಪಕ್ಕೆಯ ಮೇಲೆ ಮೂರು ಶಿಖರದ ನಡುವೆ ಹಿಮದ ಹರಳಿನ ಗುರುತು ಇರುವುದನ್ನೇ ಕೇಳು. ಸೆಪ್ಟೆಂಬರ್ ಕೊನೆಯಲ್ಲಿ ನೀವು ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಿಂದ ಗ್ರ್ಯಾಂಡ್ ಜಂಕ್ಷನ್‌ಗೆ ಮನೆ ಬದಲಾಯಿಸುವಾಗ ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗ ದಾಟಬೇಕು. ಅದು 11,158 ಅಡಿ ಎತ್ತರದಲ್ಲಿದೆ, ಸುಮಾರು 3,400 ಮೀಟರ್. ನಮ್ಮ ಮುಳ್ಳಯ್ಯನಗಿರಿಯೇ 1,930. ಆ ದಾರಿಯಲ್ಲಿ ಮಾರಿಸನ್‌ನಿಂದ ಡಾಟ್ಸೆರೊವರೆಗೆ ಸೆಪ್ಟೆಂಬರ್ 1ರಿಂದ ಮೇ 31ರ ತನಕ ಟೈರಿನ ಗೆರೆ ಒಂದು ಇಂಚಿನ ಹದಿನಾರನೇ ಮೂರು ಭಾಗದಷ್ಟಾದರೂ ಆಳವಿರಬೇಕು ಎಂಬ ಕಾನೂನಿದೆ. ನಿನ್ನ ಈಗಿನ ಟೈರುಗಳಲ್ಲಿ ಅಷ್ಟಿಲ್ಲ, ನಾನೇ ಬೆರಳಿಟ್ಟು ನೋಡಿದ್ದೇನೆ.

ಉಪದೇಶ ಮಾಡುವುದಿಲ್ಲ ಎಂದುಕೊಂಡು ಕುಳಿತವನು ಐದನೇ ಹಾಳೆಗೆ ಬಂದಿದ್ದೇನೆ, ಇನ್ನೆರಡು ಮಾತು ತಡೆದುಕೋ. ಹೊಸ ಟೈರಿನೊಂದಿಗೆ ಗಾಳಿ ತುಂಬುವ ವಾಲ್ವನ್ನೂ ಬದಲಾಯಿಸುತ್ತಾರೆ. ಕಾರಿಗೆ ಹಾಕುವ ಸಾಮಾನ್ಯ ರಬ್ಬರ್ ವಾಲ್ವಿನ ಮಿತಿ 65 ಪೌಂಡ್, ನಿನಗೆ ಹೆಚ್ಚಿನ ಒತ್ತಡದ್ದೇ ಬೇಕು. ಎದುರಿಗೆ ನಿಂತು ಕೇಳು, ನಾಚಿಕೊಳ್ಳಬೇಡ. ಹಾಕಿಸಿದ ಮೇಲೆ ನೂರು ಕಿಲೋಮೀಟರ್ ಓಡಿದ ನಂತರ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸು. ಟ್ರೇಲರಿನ ಟೈರುಗಳ ಜಾತಿಯೇ ಬೇರೆ, ಅವುಗಳ ಮೇಲೆ ಎಸ್‌ಟಿ ಎಂದಿರುತ್ತದೆ. ಅವುಗಳನ್ನು ಪಿಕಪ್ಪಿಗೆ ಹಾಕಬಾರದು. ಅವು ಓಡಾಡಿ ಸವೆಯುವುದಕ್ಕಿಂತ ನಿಂತಲ್ಲೇ ಮುದಿಯಾಗುವುದು ಹೆಚ್ಚು, ಹಾಗಾಗಿ ಅವುಗಳ ವಯಸ್ಸನ್ನೂ ನೋಡು.

ಆ ಅಪಘಾತಕ್ಕೆ ಮೊದಲು ಲಾರಿಯ ಮುಂದಿನ ಚಕ್ರಗಳಿಗೆ ಒಂದು ಜೊತೆ ಹೊಸ ಟೈರು ಕೊಳ್ಳಲು ನನ್ನ ಹತ್ತಿರ ದುಡ್ಡು ಇರಲಿಲ್ಲವೆಂದಲ್ಲ. ಕೂಡಿಟ್ಟಿದ್ದೆ. 1993ರ ಆಯುಧಪೂಜೆಗೆ ಗಾಡಿಗೆಲ್ಲ ಹೊಸ ಬಣ್ಣ ಹೊಡೆಸಿ, ಹಣೆಯ ಮೇಲೆ ನಿನ್ನ ಹೆಸರಿನ ಬೋರ್ಡು ಬರೆಸಿದ್ದು ಆ ದುಡ್ಡಿನಲ್ಲಿ. ನೀನು ಹುಟ್ಟಿ ಆರು ತಿಂಗಳಾಗಿತ್ತು, ಊರೆಲ್ಲ ನೋಡಲಿ ಎಂದು ನನಗೆ ಹುಚ್ಚು. ಅಟ್ಟದ ಮೇಲಿರುವ ಆ ಬೋರ್ಡನ್ನು ಕೆಳಗಿಳಿಸಿ ಗೋಡೆಗೆ ಹಾಕಿ ಎಂದು ನೀನು ಬಂದಾಗಲೆಲ್ಲ ಹೇಳುತ್ತೀಯ, ನಾನು ಏನಾದರೂ ನೆಪ ಹೇಳುತ್ತೇನೆ. ಇದರಲ್ಲಿ ನಿನ್ನದೇನೂ ಇಲ್ಲ. ಆದರೂ ಹಿರಿಯೂರಿನಲ್ಲಿ ಕೈ ಇಟ್ಟು ತೆಗೆದದ್ದು ಈಗಲೂ ಅಂಗೈಯಲ್ಲಿದೆ. ಅಂದು ಮುಕ್ಕಾಲು ಗಂಟೆ ನಿಂತಿದ್ದರೆ ಎಂದು ಎಷ್ಟು ಸಲ ನಿಂತಿದ್ದೇನೋ ನನಗೇ ಲೆಕ್ಕವಿಲ್ಲ. ಆ ಕ್ಲೀನರ್ ಹುಡುಗ ಒಂದು ದಿನವೂ ನನ್ನನ್ನು ಕೇಳಲಿಲ್ಲ. ಅವನು ಕೇಳಿದ್ದರೆ ನಿನಗೂ ಎಂದೋ ನಿಜ ಹೇಳಿರುತ್ತಿದ್ದೆನೋ ಏನೋ.

ದುಡ್ಡು ಕೊಡುವ ಮೊದಲು ಟೈರಿನ ಪಕ್ಕೆಯ ಫೋಟೋ ಕಳುಹಿಸು. ಎಲ್‌ಟಿ, 121, ಇ, ಈ ಮೂರೂ ಕಾಣಬೇಕು. ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳೂ ಕಾಣಲಿ. ಮೊದಲಿನ ಎರಡು ಅಂಕಿ ಟೈರು ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಹೊಸದೆಂದು ಹೇಳಿ ನಾಲ್ಕು ವರ್ಷ ಗೋದಾಮಿನಲ್ಲಿ ಮಲಗಿದ್ದನ್ನು ಕೊಟ್ಟರೆ ಹಿಂದಕ್ಕೆ ಕೊಡು. ಹೊರಟ ದಿನ ಮೊದಲ ಸಲ ಎಲ್ಲಿ ನಿಲ್ಲಿಸುತ್ತೀರೋ ಅಲ್ಲಿ ಸುತ್ತು ಬಂದು ಒಂದೊಂದರ ಮೇಲೂ ಕೈ ಇಟ್ಟು ನೋಡಿ ನನಗೆ ಫೋನ್ ಮಾಡು. ಇಲ್ಲಿ ನಡುರಾತ್ರಿಯಾಗಿದ್ದರೂ ಎದ್ದಿರುತ್ತೇನೆ. ಅಳಿಯಂದಿರಿಗೆ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ಅಪ್ಪ